ಮೂರನೆಯ ತೂತು

ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ನೂರಕ್ಕೆ ಕಡಿಮೆಯಿಲ್ಲದಷ್ಟು ಕೊಳಲುಗಳಿದ್ದವು, ಆದರೆ ಯಾವುದಕ್ಕೂ ಬಾಯಿ ಇಡುವ ಹಾಗಿರಲಿಲ್ಲ. ಮದ್ದೂರಿನಲ್ಲಿ ಹೊಳೆಯ ಕಡೆಗೆ ಇಳಿಯುವ ಬೀದಿಯ ಕೊನೆಯ ಮನೆ ನಮ್ಮದು. ಬೀದಿಯ ಉಳಿದವರೆಲ್ಲ ಮೊರ, ಮಂಕರಿ, ಬುಟ್ಟಿ ಹೆಣೆಯುತ್ತಿದ್ದರು; ನಮ್ಮ ತಾತ ಮಾತ್ರ ಯಾವಾಗಲೋ ಕೊಳಲಿನ ಕಡೆಗೆ ತಿರುಗಿಕೊಂಡಿದ್ದನಂತೆ, ಅಪ್ಪ ಅದನ್ನೇ ಮುಂದುವರಿಸಿದ. ಕಚೇರಿ ಮಾಡುವ ವಿದ್ವಾಂಸರು ಹಿಡಿಯುವಂಥ ಕೊಳಲಲ್ಲ ಅದು. ಸಂತೆಯಲ್ಲಿ ಮಗು ಹಟ ಹಿಡಿದಾಗ ಕೊಡಿಸುವಂಥದ್ದು, ದನ ಮೇಯಿಸುವವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥದ್ದು, ನಾಲ್ಕು ದಿನ ಊದಿ ಐದನೆಯ ದಿನ ಮನೆಯವರು ಕಾಟ ತಾಳಲಾರದೆ ಒಲೆಗೆ ಹಾಕುವಂಥದ್ದು. ಮನೆಯೆಂದರೆ ಒಂದು ಜಗಲಿ, ಒಂದು ನಡುಮನೆ, ಅದರ ಹಿಂದೆ ಕತ್ತಲೆಯ ಅಡುಗೆಮನೆ. ಒಲೆಯ ಮೇಲೆ ಅಟ್ಟ ಕಟ್ಟಿ, ಹುಳ ಹತ್ತಬಾರದೆಂದು ಬಿದಿರಿನ ಕಟ್ಟುಗಳನ್ನು ಅಲ್ಲಿ ಹೊಗೆಗೆ ಇಡುತ್ತಿದ್ದರು. ಅದೇ ಒಲೆಯಲ್ಲಿ ಮುದ್ದೆ ಬೇಯಬೇಕು, ಅದೇ ಒಲೆಯಲ್ಲಿ ತೂತು ಹಾಕುವ ಕಬ್ಬಿಣದ ಕಂಬಿಯೂ ಕಾಯಬೇಕು. ಹಾಗಾಗಿ ನಮ್ಮ ಉಪ್ಪುಸಾರಿಗೂ ಸುಟ್ಟ ಬಿದಿರಿನ ವಾಸನೆ. ಮೊದಲ ಸಲ ಬೇರೆಯವರ ಮನೆಯಲ್ಲಿ ಉಂಡಾಗ, ಇವರ ಸಾರಿಗೆ ಏನೋ ಹಾಕುವುದನ್ನು ಮರೆತಿದ್ದಾರೆ ಎಂದುಕೊಂಡಿದ್ದೆ.

ಮನೆಯಲ್ಲಿದ್ದವರು ನಾಲ್ಕೇ ಜನ. ಅಪ್ಪ ಸಿದ್ದಯ್ಯ, ಅವ್ವ ಕೆಂಪಮ್ಮ, ಅಪ್ಪನ ತಾಯಿಯಾದ ಅಜ್ಜಿ, ಮತ್ತೆ ದೇವೀರಿ ಎಂಬ ನಾನು. ನನ್ನ ಹಿಂದೆ ಹುಟ್ಟಿದ ಎರಡು ಗಂಡುಮಕ್ಕಳು ಉಳಿಯಲಿಲ್ಲ. ಅಪ್ಪ ಬಿದಿರು ಕತ್ತರಿಸಿ ಗುರುತು ಹಾಕುತ್ತಿದ್ದ, ಅವ್ವ ಕಂಬಿ ಕಾಯಿಸಿ ತೂತು ಕೊರೆಯುತ್ತಿದ್ದಳು, ನಾನು ತೂತಿನೊಳಗಿನ ಕರಿಯನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದೆ, ಅಜ್ಜಿ ಹರಳೆಣ್ಣೆ ಸವರಿ ಬಟ್ಟೆಯಲ್ಲಿ ತಿಕ್ಕಿ ಹೊಳಪು ಬರಿಸುತ್ತಿದ್ದಳು. ಗುರುತು ಹಾಕಲು ಒಂದು ಅಳತೆ ಕಡ್ಡಿಯಿತ್ತು. ತಾತ ತನ್ನ ಕೈಯಾರೆ ಕೆತ್ತಿದ್ದು; ಅದರ ಮೇಲೆ ಏಳು ಗೀರು. ಒಂದು ಊದುವ ತೂತಿಗೆ, ಆರು ಬೆರಳಿಗೆ. ಬಿದಿರು ಸಣ್ಣದಿರಲಿ ದಪ್ಪದಿರಲಿ, ಈ ಕಡ್ಡಿಯನ್ನು ಪಕ್ಕಕ್ಕಿಟ್ಟು ಗೀರಿದ ಮೇಲೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಕೆಲಸ ಮುಗಿದ ಮೇಲೆ ಕಡ್ಡಿ ದೇವರ ಗೂಡಿಗೆ ಹೋಗುತ್ತಿತ್ತು. ಅಜ್ಜಿ ದೇವರಿಗೆ ಕುಂಕುಮ ಇಟ್ಟ ಬೆರಳಲ್ಲೇ ಅದಕ್ಕೂ ಒಂದು ಬೊಟ್ಟು ಇಟ್ಟು, ಇದನ್ನು ಹಿಡಿಯುವುದಕ್ಕೆ ಒಂದು ಗಂಡು ಉಳಿಯಲಿಲ್ಲವಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದಳು. ಪಕ್ಕದಲ್ಲೇ ನಿಂತಿರುತ್ತಿದ್ದ ನನಗೆ ಆ ನಿಟ್ಟುಸಿರು ಕುತ್ತಿಗೆಗೆ ತಾಗಿದ ಹಾಗಾಗುತ್ತಿತ್ತು.

ಬಾಯಿ ಇಡಬಾರದೆಂಬ ಕಟ್ಟಳೆಯೂ ಅಜ್ಜಿಯದೇ. ಮಾರುವ ಕೊಳಲನ್ನು ಮೊದಲೇ ಊದಿದರೆ ಅದು ಎಂಜಲು. ಎಂಜಲಾದ ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡುವುದು ಪಾಪ. ಹೀಗಾಗಿ ನಮ್ಮ ಮನೆಯಿಂದ ಹೊರಟ ಸಾವಿರಾರು ಕೊಳಲುಗಳ ಪೈಕಿ ಒಂದನ್ನಾದರೂ ನುಡಿಯುತ್ತದೆಯೋ ಇಲ್ಲವೋ ಎಂದು ನೋಡಿ ಕಳಿಸಿದವರಿಲ್ಲ. ಸಂತೆಯಲ್ಲಿ ಜನರನ್ನು ಕರೆಯುವುದಕ್ಕೆ ಅಪ್ಪನ ಹತ್ತಿರ ಸ್ವಂತದ್ದೊಂದು ಹಳೆಯ ಕೊಳಲಿತ್ತು. ಅದರಲ್ಲಿ ಅವನು ಒಂದು ಜೋಗುಳದ ಅರ್ಧ ಸಾಲನ್ನು ನುಡಿಸುತ್ತಿದ್ದ. ಮೇಲಿನ ಎರಡು ತೂತುಗಳಲ್ಲೇ ಮುಗಿದುಹೋಗುವ ಸಾಲು. ಅಷ್ಟು ನುಡಿಸಿ, ಗಿರಾಕಿಯ ಕಡೆ ತಿರುಗಿ ಮಾತಿಗೆ ಶುರುವಿಟ್ಟುಕೊಳ್ಳುತ್ತಿದ್ದ. ಉಳಿದ ಅರ್ಧ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ನಾನು ಒಂದು ಕಡೆ ಕೂರುವ ಜಾಯಮಾನದವಳಲ್ಲ. ಕರಿ ಕೆರೆಯುತ್ತ ಕೂತರೆ ಮೂರು ಕೊಳಲಿಗೊಂದು ಸಲ ಎದ್ದು ಬೀದಿಗೆ ಹೋಗಿ ಬರಬೇಕು. ಹೊಳೆಗೆ ಹೋದರೆ ಸ್ಟೇಷನ್ನಿನ ನೆನಪಾಗುವುದು, ಸ್ಟೇಷನ್ನಿಗೆ ಹೋದರೆ ಮನೆಯಲ್ಲಿ ಏನೋ ನಡೆದಿರಬಹುದು ಅನ್ನಿಸುವುದು. ಯುದ್ಧದ ಕಾಲ, ಸಿಪಾಯಿಗಳು ತುಂಬಿದ ರೈಲುಗಳು ಮದ್ದೂರಿನಲ್ಲಿ ನಿಂತಾಗ ಅಪ್ಪ ಕೊಳಲಿನ ಕಟ್ಟು ಹಿಡಿದು ಓಡುತ್ತಿದ್ದ, ನಾನು ಅವನ ಹಿಂದೆ. ಕಿಟಕಿಯಿಂದ ಕೈ ಚಾಚಿ ಕೊಳಲು ತೆಗೆದುಕೊಂಡ ಸಿಪಾಯಿ ಅದನ್ನು ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ರೈಲು ಹೊರಟಿರುತ್ತಿತ್ತು. ಅವನು ಊದಿದನೇ, ಏನು ಬಂತು ಎಂದು ತಿಳಿಯದೆ ನನಗೆ ದಿನವಿಡೀ ತಳಮಳ. ಕಾಲಿಗೆ ಇರುವೆ ಹತ್ತಿದವಳ ಹಾಗೆ ಆಡುತ್ತೀಯ ಎಂದು ಅವ್ವ ಬಯ್ಯುತ್ತಿದ್ದಳು.

ಒಡೆದ ಕೊಳಲುಗಳಿಗೆ ಕಟ್ಟಳೆ ಇಲ್ಲ ಎಂದು ನನಗೆ ಹೊಳೆದದ್ದು ಒಂಬತ್ತು ವರ್ಷದವಳಿದ್ದಾಗ. ಕಂಬಿ ಹೆಚ್ಚು ಕಾದು ಸೀಳು ಬಿಟ್ಟವನ್ನು ಸೌದೆಯ ಮೂಲೆಗೆ ಎಸೆಯುತ್ತಿದ್ದರು. ಮಾರದ ಕೊಳಲು ಎಂಜಲಾದರೇನು? ಒಂದನ್ನು ಎತ್ತಿಕೊಂಡು, ಸೀಳಿಗೆ ಜೇನುಮೇಣ ತುಂಬಿ, ಮೇಲೆ ನೂಲು ಸುತ್ತಿ, ಹಿತ್ತಲಿನ ತಿಪ್ಪೆಯ ಹಿಂದೆ ಕೂತು ಊದಿದೆ. ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಇನ್ನೂ ಜೋರಾಗಿ ಊದಿದೆ. ತಲೆ ತಿರುಗಿ ತಿಪ್ಪೆಯ ಮೇಲೆ ಬಿದ್ದೆ. ಹೇಳಿಕೊಡುವವರಿಲ್ಲ, ಅಪ್ಪನ ತುಟಿ ಹೇಗಿರುತ್ತದೆ ಎಂದು ನೋಡೋಣವೆಂದರೆ ಅವನ ಮೀಸೆ ಅಡ್ಡ. ಎಂಟು ಹತ್ತು ದಿನ ಹೀಗೇ ಕಳೆದವು. ಒಂದು ಮಧ್ಯಾಹ್ನ ಸುಸ್ತಾಗಿ, ಮುದ್ದೆಯ ಬಿಸಿಗೆ ಊದುವಷ್ಟು ಮೆಲ್ಲಗೆ ಊದಿದೆ ನೋಡಿ, ಆಗ ಬಂತು. ಎಳೆಯ ಕರು ಕೂಗಿದ ಹಾಗೆ, ಒಡಕಲು, ಆದರೆ ಸ್ವರವೇ. ನಾನು ಕೊಳಲು ಎಸೆದು ಎದ್ದು ನಿಂತೆ. ಆಮೇಲೆ ಅದನ್ನು ಹುಡುಕಿ ತೆಗೆದು ಮತ್ತೆ ಊದಿದಾಗ ಬರಲಿಲ್ಲ. ಮರುದಿನ ಎರಡು ಸಲ ಬಂತು. ವಾರದ ಹೊತ್ತಿಗೆ ಕರೆದರೆ ಬರುವಷ್ಟಾಯಿತು.

ಅಜ್ಜಿಗೆ ತಿಳಿಯದೆ ಇರುತ್ತದೆಯೇ. ಹೆಣ್ಣು ಕೊಳಲೂದಿದರೆ ತುಟಿ ಸೊಟ್ಟಗಾಗುತ್ತದೆ, ಆಮೇಲೆ ಮದುವೆಗೆ ಯಾರೂ ಕೇಳುವುದಿಲ್ಲ ಎಂದು ಅಡುಗೆಮನೆಯಲ್ಲಿ ಅವ್ವನಿಗೆ ಕೇಳುವ ಹಾಗೆ ಹೇಳಿದಳು. ಅಜ್ಜಿಯ ಮುಂದೆ ಅವ್ವ ಯಾವತ್ತೂ ಏನೂ ಅನ್ನುತ್ತಿರಲಿಲ್ಲ. ಆದರೆ ಬೆಳಗಿನ ಜಾವ ರಾಗಿ ಬೀಸುವಾಗ ಅವ್ವ ಹಾಡುತ್ತಿದ್ದಳಲ್ಲ, ಆ ಹಾಡಿನ ಹಿಂದೆ ನಾನು ಹಿತ್ತಲಿನಿಂದ ಕೊಳಲಲ್ಲಿ ಹೋಗತೊಡಗಿದೆ. ಮೊದಲ ಎರಡು ಸ್ವರ ಹೇಗೋ ಸಿಗುತ್ತಿದ್ದವು. ಮೂರನೆಯ ತೂತಿನಿಂದ ಹೊರಡಬೇಕಾದ ಸ್ವರ ಮಾತ್ರ ಅವ್ವನ ದನಿಗಿಂತ ಕೆಳಗೆ ಜಾರುತ್ತಿತ್ತು, ಮೆಟ್ಟಿಲು ತಪ್ಪಿ ಕಾಲಿಟ್ಟ ಹಾಗೆ. ನಾನು ಅಲ್ಲಿ ಜಾರಿದಾಗಲೆಲ್ಲ ಬೀಸುವ ಕಲ್ಲು ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ಅವ್ವ ಮುಂದುವರಿಸುತ್ತಿದ್ದಳು.

ತಪ್ಪು ನನ್ನ ಬೆರಳಿನದೆಂದು ನಾನು ಒಂದು ವರ್ಷ ನಂಬಿದ್ದೆ. ಬೆರಳು ಗಿಡ್ಡವೋ, ಸರಿಯಾಗಿ ಮುಚ್ಚುತ್ತಿಲ್ಲವೋ, ಅಥವಾ ಅಜ್ಜಿ ಹೇಳಿದ ಹಾಗೆ ತುಟಿ ಸೊಟ್ಟಗಾಗುತ್ತಿದೆಯೋ. ಸಿಟ್ಟು ಬಂದಾಗ ಆ ಬೆರಳನ್ನು ಒಗೆಯುವ ಕಲ್ಲಿಗೆ ಬಡಿದುಕೊಳ್ಳುತ್ತಿದ್ದೆ. ಒಂದು ಒಡಕು ಕೊಳಲು ಬಿಟ್ಟು ಇನ್ನೊಂದು, ಅದು ಬಿಟ್ಟು ಮತ್ತೊಂದು. ಎಲ್ಲದರಲ್ಲೂ ಅಲ್ಲೇ ಜಾರುವುದು. ತೆಳು ಬಿದಿರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ದಪ್ಪ ಬಿದಿರಿನಲ್ಲಿ ಪೂರ್ತಿ. ಈ ವ್ಯತ್ಯಾಸ ಕಂಡಿದ್ದರೂ ಅದರ ಅರ್ಥ ನನಗೆ ಹೊಳೆಯಲಿಲ್ಲ. ಮನೆಯ ಕೊಳಲಲ್ಲಿ ತಪ್ಪಿರಬಹುದೆಂದು ಯೋಚಿಸುವುದಕ್ಕೇ ನನಗೆ ಧೈರ್ಯವಿರಲಿಲ್ಲ.

ಅದನ್ನು ಬಾಯಿ ಬಿಟ್ಟು ಹೇಳಿದವರು ಮಳವಳ್ಳಿಯ ಇಮಾಂ ಸಾಬರು. ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡ್ ಬಾರಿಸುವ ತಂಡದವರು, ಕ್ಲಾರಿನೆಟ್ ಊದುತ್ತಿದ್ದರು. ತೆಳ್ಳಗೆ ಉದ್ದಕ್ಕೆ, ಗಡ್ಡಕ್ಕೆ ಗೋರಂಟಿ ಹಚ್ಚಿದ ಮನುಷ್ಯ. ನಾನು ಅಪ್ಪನ ಜೊತೆ ದೊಡ್ಡಿ ಎಂಬ ಊರಿನ ದಾರಿಯಲ್ಲಿ ಗಾಡಿ ಹತ್ತಿ ಮಳವಳ್ಳಿ ಸಂತೆಗೆ ಹೋಗಿದ್ದ ದಿನ ಅವರು ನಮ್ಮ ಮುಂದೆ ಬಂದು ನಿಂತರು. ಊದಿ ನೋಡುತ್ತೇನೆ ಅಂದರು. ತೆಗೆದುಕೊಂಡ ಮೇಲೆ ಊದಬಹುದು, ಮುಂಚೆ ಬೇಡ ಎಂದು ಅಪ್ಪ ಹೇಳಿದ. ಸಾಬರು ನಕ್ಕು, ಒಂದು ದಪ್ಪನೆಯ ಕೊಳಲನ್ನು ಆರಿಸಿ ತೆಗೆದುಕೊಂಡು, ಅಲ್ಲೇ ನಿಂತು ಊದಿದರು. ಮೇಲಿಂದ ಕೆಳಕ್ಕೆ ಒಂದೊಂದೇ ಬೆರಳು ಇಡುತ್ತ ಬಂದರು. ಮೂರನೆಯ ತೂತಿನ ಹತ್ತಿರ ನಿಂತು, ಮತ್ತೆ ಊದಿ, ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ಹತ್ತಾರು ಜನ ಸೇರಿದ್ದರು.

“ಸಿದ್ದಣ್ಣ, ಬಿದಿರು ಚೆಂದ ಐತೆ, ಕೆಲ್ಸ ಚೆಂದ ಐತೆ. ಆದ್ರೆ ಈ ಮೂರ್ನೇ ತೂತು ಸುಳ್ಳು ಹೇಳ್ತದೆ.”

ಅವರು ಅದನ್ನು ಹಂಗಿಸುವ ಹಾಗೆ ಹೇಳಲಿಲ್ಲ. ಮಗುವಿನ ಮೈ ಬಿಸಿಯಾಗಿದೆ ಎಂದು ಹೇಳುವ ಹಾಗೆ ಹೇಳಿ, ಕೊಳಲನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟುಹೋದರು. ಸೇರಿದ್ದವರು ನಕ್ಕರು. ಆಮೇಲೆ ಬಂದ ಗಿರಾಕಿಗಳೆಲ್ಲ ಕೊಳಲನ್ನು ತಿರುಗಿಸಿ ಮೂರನೆಯ ತೂತಿನೊಳಗೆ ಇಣುಕಿ ನೋಡುತ್ತಿದ್ದರು, ಅಲ್ಲಿ ಏನು ಕಾಣುವುದೋ. ಅಪ್ಪನ ಮುಖ ಕಪ್ಪಿಟ್ಟಿತು. ಅರ್ಧ ಸಾಲು ನುಡಿಸುವುದನ್ನೂ ಅವನು ಆ ದಿನ ನಿಲ್ಲಿಸಿದ. ನನಗೋ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಎದ್ದು ಕುಣಿಯಬೇಕೆನ್ನುವಷ್ಟು ಸಂತೋಷ. ತಪ್ಪು ನನ್ನ ಬೆರಳಿನದಲ್ಲ. ಗಾಡಿಯಲ್ಲಿ ಅಪ್ಪನ ಬೆನ್ನಿಗೆ ಬೆನ್ನು ಕೊಟ್ಟು ಕೂತು, ಬೆರಳುಗಳನ್ನು ಒಂದೊಂದಾಗಿ ಸವರಿಕೊಂಡೆ. ಅವನ ಬೆನ್ನು ನನ್ನ ಬೆನ್ನಿಗೆ ತಾಗುತ್ತಿತ್ತು, ಅದು ಬಿಗಿಯಾಗಿತ್ತು. ಅವನಿಗಾದ ಅವಮಾನದಲ್ಲಿ ನನಗೆ ಬಿಡುಗಡೆ ಸಿಕ್ಕಿತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಹತ್ತು ವರ್ಷದ ಹುಡುಗಿಗೆ ಆಗಲಿಲ್ಲ. ದೊಡ್ಡಿ ಬಂದಾಗ ಗಾಡಿಯಿಂದ ಧುಮುಕಿ ಮದ್ದೂರಿನವರೆಗೂ ಗಾಡಿಯ ಹಿಂದೆ ನಡೆದೇ ಬಂದೆ.

ಮನೆಗೆ ಬಂದವನೇ ಅಪ್ಪ ದೇವರ ಗೂಡಿನಿಂದ ಅಳತೆ ಕಡ್ಡಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಸಾಬರು ಹೇಳಿದ್ದನ್ನು ಹೇಳಿದ. ಅಜ್ಜಿ ಎಣ್ಣೆ ಬಟ್ಟೆ ಕೆಳಗಿಟ್ಟಳು.

“ನಿಮ್ಮಪ್ಪನ ಕಡ್ಡಿ ಸುಳ್ಳೇನ್ಲಾ? ಹತ್ತೂರಿಗೆ ಕೊಳ್ಲು ಕೊಟ್ಟ ಕೈ ಅದು. ಯಾರೋ ದಾರೀಲಿ ಹೋಗೋನು ಅಂದ ಅಂತ ಅದನ್ನ ತಿರುಗಿಸ್ ತಿರುಗಿಸ್ ನೋಡ್ತಾ ಇದ್ದೀಯಲ್ಲ.”

ಅಪ್ಪ ಕಡ್ಡಿಯ ಗೀರುಗಳ ಮೇಲೆ ಉಗುರು ಆಡಿಸುತ್ತ ಕೂತ. ಕೊನೆಗೆ, ಸಾಬರ ವಾದ್ಯವೇ ಬೇರೆ ನಮ್ಮ ಕೊಳಲೇ ಬೇರೆ, ಅವರಿಗೇನು ಗೊತ್ತು ಎಂದು ಯಾರಿಗೂ ಅಲ್ಲದಂತೆ ಹೇಳಿ ಅದನ್ನು ಗೂಡಿಗೆ ಇಟ್ಟ. ಊಟಕ್ಕೆ ಏಳಲಿಲ್ಲ. ಮಾರನೆಯ ಬೆಳಿಗ್ಗೆ ಅದೇ ಕಡ್ಡಿಯಿಂದ ಗೀರಲು ಶುರುಮಾಡಿದ. ನಾನು ಕರಿ ಕೆರೆಯುತ್ತ ಕೂತವಳು ಒಂದೊಂದು ಕೊಳಲಿನ ಮೂರನೆಯ ತೂತನ್ನೂ ನೋಡುತ್ತಿದ್ದೆ. ಇದೂ ಸುಳ್ಳು, ಇದೂ ಸುಳ್ಳು. ಇನ್ಯಾವ ಹುಡುಗಿ ಯಾವ ಊರಿನಲ್ಲಿ ತನ್ನ ಬೆರಳನ್ನು ಕಲ್ಲಿಗೆ ಬಡಿದುಕೊಳ್ಳುತ್ತಾಳೋ. ಕೂರಲಾಗಲಿಲ್ಲ.

ಸೌದೆಯ ಮೂಲೆಯಿಂದ ದಪ್ಪ ಕೊಳಲೊಂದನ್ನು ತೆಗೆದು, ಅವ್ವನ ಸಣ್ಣ ಚೂರಿಯಿಂದ ಮೂರನೆಯ ತೂತನ್ನು ಬಾಯಿಯ ಕಡೆಗೆ ಕೆರೆದೆ. ಊದಿದೆ. ಸ್ವರ ಕೊಂಚ ಏರಿತು. ಇನ್ನಷ್ಟು ಕೆರೆದೆ. ವಿಪರೀತ ಏರಿತು. ಹೀಗೆ ನಾಲ್ಕೈದು ಕೊಳಲು ಹಾಳಾದವು. ಕೊನೆಗೆ ತಿಳಿದದ್ದು ಇಷ್ಟು: ದಪ್ಪ ಬಿದಿರಿಗೆ ತೂತು ಒಂದು ಭತ್ತದ ಕಾಳಿನಷ್ಟು ಬಾಯಿಯ ಕಡೆಗೆ ಬರಬೇಕು, ನಡುಗಾತ್ರದ್ದಕ್ಕೆ ಅದರ ಅರ್ಧ, ತೆಳುವಿಗೆ ತಾತನ ಗೀರೇ ಸಾಕು. ತಾತ ಬಹುಶಃ ತೆಳು ಬಿದಿರು ಹಿಡಿದೇ ಆ ಕಡ್ಡಿ ಮಾಡಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಬಿದಿರು ಬದಲಾಗಿತ್ತು, ಕಡ್ಡಿ ಬದಲಾಗಿರಲಿಲ್ಲ.

ಅಪ್ಪ ಮಂಡ್ಯದ ಸಂತೆಗೆ ಹೋಗಿದ್ದ ದಿನ ಇದನ್ನು ಅವ್ವನಿಗೆ ಹೇಳಿದೆ. ಅವಳು ಒಲೆಯ ಮುಂದೆ ಕಂಬಿ ಹಿಡಿದು ಕೂತಿದ್ದಳು. ನನ್ನ ಮುಖ ನೋಡದೆ, ಬೆಂಕಿಯನ್ನೇ ನೋಡುತ್ತ ಮಾತಾಡಿದಳು.

“ನಂಗೆ ಗೊತ್ತು ಕಣವ್ವ. ಬೀದಿ ಮಕ್ಳು ಊದೋದ ಕೇಳಿ, ಮದ್ವೆಯಾಗಿ ಬಂದ ವರ್ಸವೇ ಗೊತ್ತಾಯ್ತು. ಕೇಳೋರು ಯಾರು ಅಂತ ಸುಮ್ಕಿದ್ದೆ.”

ಬೀಸುವ ಕಲ್ಲು ಯಾಕೆ ನಿಲ್ಲುತ್ತಿತ್ತು ಎಂದು ಆಗ ತಿಳಿಯಿತು. ಹಾಗಾದರೆ ಈಗ ತೂತನ್ನು ಸರಿಯಾದ ಕಡೆ ಹಾಕು ಅಂದೆ. ಅವಳು ಅಜ್ಜಿಯಿರುವ ಕಡೆ ಒಮ್ಮೆ ನೋಡಿದಳು. ಅಜ್ಜಿ ಜಗಲಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ನಾನು ಭತ್ತದ ಕಾಳಿಟ್ಟು ಗುರುತು ತೋರಿಸಿದೆ, ಅವ್ವ ಕಂಬಿ ಊರಿದಳು. ಹೊಗೆ ಸುರುಳಿಯಾಗಿ ಎದ್ದಿತು. ಅಪ್ಪ ಗೀರಿಟ್ಟು ಹೋಗಿದ್ದ ಹನ್ನೆರಡು ದಪ್ಪ ಕೊಳಲುಗಳ ಮೂರನೆಯ ತೂತು ಅವನ ಗೀರನ್ನು ಬಿಟ್ಟು ಪಕ್ಕಕ್ಕೆ ಬಿತ್ತು.

ಸಂಜೆ ಬಂದ ಅಪ್ಪ ಕಟ್ಟು ಕಟ್ಟುವ ಮುಂಚೆ, ಯಾವತ್ತಿನಂತೆ, ಒಂದನ್ನು ತೆಗೆದು ಕಡ್ಡಿ ಇಟ್ಟು ನೋಡಿದ. ಇನ್ನೊಂದನ್ನು ತೆಗೆದ. ನಡುಮನೆಯಲ್ಲಿ ದೀಪವನ್ನು ಇನ್ನೂ ಹಚ್ಚಿರಲಿಲ್ಲ. ಕೈ ತಪ್ಪಿತೇ ಎಂದು ಅವ್ವನನ್ನು ಕೇಳಿದ. ಇಲ್ಲ ಅಂದಳು. ಬೇಕೆಂದೇ ಹಾಕಿದೆ ಅಂದಳು. ನಾನು ಹೇಳಿದ್ದಕ್ಕೆ ಹಾಕಿದಳು ಎಂದು ನಾನು ಮುಂದೆ ಬಂದೆ. ಅಪ್ಪ ಕೈಯಲ್ಲಿದ್ದ ಕೊಳಲನ್ನು ಮಂಡಿಗೆ ಬಡಿದು ಮುರಿದ. ಇನ್ನೊಂದನ್ನು ಎತ್ತಿಕೊಂಡ. ಮನೆ ಹಾಳು ಮಾಡಲು ಹುಟ್ಟಿದವಳು ಎಂದು ಅಜ್ಜಿ ನನ್ನನ್ನು ಬಯ್ಯತೊಡಗಿದಳು. ಆಗ ಅವ್ವ ಎದ್ದು ಬಂದು ಅಪ್ಪನ ಕೈಯಿಂದ ಕೊಳಲು ತೆಗೆದುಕೊಂಡಳು. ಅವಳು ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ಮುರಿಯೋದಿದ್ರೆ ಕೇಳಿದ್ಮೇಲೆ ಮುರಿ. ಊದು ಮಗಾ.”

ಎಂಜಲು ಎಂದು ಅಜ್ಜಿ ಅಂದದ್ದು ಕೇಳಿಸಿತು. ಕೊಳಲನ್ನು ತುಟಿಗಿಟ್ಟೆ. ಬಾಯಿ ಒಣಗಿಹೋಗಿತ್ತು. ಗಾಳಿ ಮಾತ್ರ ಬಂತು, ತಿಪ್ಪೆಯ ಹಿಂದೆ ಮೊದಲ ದಿನ ಬಂದ ಹಾಗೆ. ಮತ್ತೆ ಊದಿದೆ, ಮತ್ತೆ ಗಾಳಿ. ಅಪ್ಪ ಮೂಗಿನಲ್ಲಿ ನಕ್ಕ. ಅಷ್ಟರಲ್ಲಿ ಅವ್ವ ಬೀಸುವ ಕಲ್ಲಿನ ಹಾಡು ಹಾಡತೊಡಗಿದಳು. ಕಲ್ಲಿಲ್ಲ, ರಾಗಿಯಿಲ್ಲ, ನಡುಮನೆಯ ನಡುವೆ ನಿಂತು ಅತ್ತೆಯ ಮುಂದೆ, ಗಂಡನ ಮುಂದೆ. ದಿನಾ ಬೆಳಿಗ್ಗೆ ಹಿಂದೆ ಹೋಗಿ ಅಭ್ಯಾಸವಾಗಿದ್ದ ನನ್ನ ಉಸಿರು ತಾನಾಗಿ ಆ ದನಿಯ ಹಿಂದೆ ಹೊರಟಿತು. ಮೊದಲ ಸ್ವರ, ಎರಡನೆಯದು, ಮೂರನೆಯದು. ಅದು ಅವ್ವನ ದನಿಯ ಪಕ್ಕದಲ್ಲಿ ಹೋಗಿ ನಿಂತಿತು, ಎಲ್ಲೂ ಜಾರಲಿಲ್ಲ. ಒಂದು ಸಾಲು ಮುಗಿಯುವವರೆಗೆ ನುಡಿಸಿದೆ. ಅಷ್ಟೇ ಬರುತ್ತಿದ್ದದ್ದು.

ಅಪ್ಪ ಹಳೆಯ ಅಳತೆಯ ದಪ್ಪ ಕೊಳಲೊಂದನ್ನು ಮೂಲೆಯಿಂದ ತೆಗೆದು ತಾನೇ ಊದಿದ. ಮೂರನೆಯ ತೂತಿನವರೆಗೆ ಬೆರಳು ಇಳಿಸಿದ. ಸ್ವರ ಕೆಳಗೆ ಬಿತ್ತು. ಇನ್ನೊಮ್ಮೆ ಊದಿದ, ಬಿತ್ತು. ಮೂರನೆಯ ಸಲವೂ ಬಿತ್ತು. ಕೊಳಲನ್ನು ಮೆಲ್ಲಗೆ ನೆಲದ ಮೇಲಿಟ್ಟು, ಟವಲು ಹೆಗಲಿಗೆ ಹಾಕಿಕೊಂಡು ಹೊಳೆಯ ಕಡೆ ಹೊರಟುಹೋದ.

ಮಾರನೆಯ ದಿನ ಹೊಸ ಕೊಳಲುಗಳಲ್ಲಿ ಎರಡನ್ನು ಕಂಕುಳಲ್ಲಿ ಇಟ್ಟುಕೊಂಡು ಮಳವಳ್ಳಿಗೆ ಹೋದ. ನಾನು ಹೊಸ್ತಿಲಿಗೂ ಬೀದಿಗೂ ಎಷ್ಟು ಸಲ ತಿರುಗಿದೆನೋ. ಹೊತ್ತು ಮುಳುಗುವಾಗ ಬಂದ. ಕಾಲು ತೊಳೆದುಕೊಂಡು ಜಗಲಿಯಲ್ಲಿ ಕೂತು, ಇಮಾಂ ಸಾಬರು ಊದಿ ನೋಡಿ ತಲೆದೂಗಿದರು ಎಂದು ಹೇಳಿದ. ಮುಖದಲ್ಲಿ ಗೆಲುವಿತ್ತು. ಇದನ್ನು ಸರಿಪಡಿಸಿದವರು ಯಾರು ಎಂದು ಕೇಳಿದರಂತೆ. ನೀನು ಏನಂದೆ ಎಂದು ನಾನು ಕೇಳಿದೆ. ಅಪ್ಪ ಲೋಟದಲ್ಲಿದ್ದ ನೀರು ಕುಡಿದು ಮುಗಿಸಿದ.

“ನಾನೇ ಅಂದೆ.”

ಎರಡು ದಿನ ನಾನು ಉಣ್ಣಲಿಲ್ಲ. ನನ್ನ ಒಡಕು ಕೊಳಲುಗಳನ್ನೆಲ್ಲ ಒಯ್ದು ಹೊಳೆಗೆ ಎಸೆದೆ. ಅವು ಮುಳುಗದೆ ತೇಲುತ್ತ ಹೋದದ್ದು ನೋಡಿ ಇನ್ನೂ ಸಿಟ್ಟು ಬಂತು. ಮೂರನೆಯ ದಿನ ಅವ್ವ ಮುದ್ದೆಯ ತಟ್ಟೆ ತಂದು ನನ್ನ ಮುಂದೆ ಇಟ್ಟು ಪಕ್ಕದಲ್ಲಿ ಕೂತಳು.

“ಹದ್ನಾರು ವರ್ಸದಿಂದ ತೂತು ಹಾಕ್ತಾ ಇವ್ನಿ. ಯಾವ್ ಸಂತೇಲಿ ನಿಮ್ಮಪ್ಪ ನನ್ ಹೆಸ್ರು ಹೇಳವ್ನೆ? ಉಣ್ಣು ಬಾ.”

ಅವಳ ದನಿಯಲ್ಲಿ ದೂರಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕೆಡಿಸಿತು. ಉಂಡೆ. ಆದರೆ ಅವಳ ಹಾಗೆ ಸುಮ್ಮನಿರಲು ನನಗೆ ಸಾಧ್ಯವಿಲ್ಲ ಎಂಬುದು ಆ ತಟ್ಟೆಯ ಮುಂದೆ ಕೂತಾಗ ನನಗೆ ಸ್ಪಷ್ಟವಾಯಿತು. ಮುಂದೆ ಮದುವೆಯಾಗಿ ಹೋದ ಮನೆಯಲ್ಲಿ, ಆಮೇಲೆ ಮಂಡ್ಯದ ಗುತ್ತಲಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ನಡೆಸಿದ ಬಾಳಿನಲ್ಲಿ, ನನ್ನನ್ನು ಬಾಯಿಬಡುಕಿ ಅಂದವರಿದ್ದಾರೆ. ಅದು ಶುರುವಾದದ್ದು ಅವತ್ತು.

ಅಲ್ಲಿಂದ ಎರಡು ವರ್ಷ ಮನೆಯಲ್ಲಿ ಹೊಸದೊಂದು ಪದ್ಧತಿ ನಡೆಯಿತು. ದಪ್ಪ ಬಿದಿರಿಗೆ ಕಡ್ಡಿ ಇಟ್ಟು ಗೀರಿದ ಮೇಲೆ ಅಪ್ಪ ಕೊಳಲನ್ನು ನನ್ನ ಕಡೆ ತಳ್ಳುತ್ತಿದ್ದ, ಇದನ್ನು ನೋಡು ಎಂದಷ್ಟೇ ಹೇಳಿ. ಎಂಜಲಿನ ತೊಡಕನ್ನು ಬಿಡಿಸಿದವಳು ಅಜ್ಜಿಯೇ. ಸಣ್ಣ ಮಕ್ಕಳ ಬಾಯಿ ಎಂಜಲಲ್ಲ ಎಂದು ಒಂದು ಬೆಳಿಗ್ಗೆ ಅವಳಾಗಿಯೇ ಸಾರಿ, ನಾನು ಊದಿದ್ದನ್ನು ಅರಿಸಿನದ ನೀರಲ್ಲಿ ತೊಳೆದು ಎಣ್ಣೆ ಸವರುತ್ತಿದ್ದಳು. ದೊಡ್ಡವಳಾಗುವವರೆಗೆ ಮಾತ್ರ ಎಂಬ ಎಚ್ಚರಿಕೆಯೂ ಅದರ ಜೊತೆಗಿತ್ತು. ಸಂತೆಗಳಲ್ಲಿ ನಮ್ಮ ಕೊಳಲಿಗೆ ಒಳ್ಳೆಯ ಹೆಸರು ಬಂತು. ಹೆಸರು ಅಪ್ಪನದು. ನಾನು ಕೆಲಸ ಬಿಡಲಿಲ್ಲ, ಅಪ್ಪನ ಜೊತೆ ನಗಲೂ ಇಲ್ಲ. ಊಟಕ್ಕೆ ಅವನ ಎದುರು ಕೂರುತ್ತಿರಲಿಲ್ಲ. ಅವನು ಅದನ್ನು ಗಮನಿಸಿದ್ದ. ಎದುರಿನ ಜಾಗವನ್ನು ಒಮ್ಮೆ ನೋಡಿ ಮುದ್ದೆ ಮುರಿಯುತ್ತಿದ್ದ.

ಆ ಎರಡನೆಯ ವರ್ಷದ ಬೇಸಗೆಯಲ್ಲಿ ಇಮಾಂ ಸಾಬರು ಹುಡುಕಿಕೊಂಡು ನಮ್ಮ ಮನೆಗೇ ಬಂದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಕ್ಲಾರಿನೆಟ್ಟು. ಅದರ ದನಿಗೆ ಹೊಂದುವ ಕೊಳಲೊಂದು ಬೇಕು, ತಂಡದಲ್ಲಿ ಎರಡನ್ನೂ ಒಟ್ಟಿಗೆ ನುಡಿಸುವ ಆಸೆ ಎಂದರು. ಅಜ್ಜಿ ಅವರಿಗೆ ಜಗಲಿಯಲ್ಲಿ ಚಾಪೆ ಹಾಕಿ ಬೆಲ್ಲದ ಪಾನಕ ಕೊಟ್ಟಳು. ಅವರು ಕ್ಲಾರಿನೆಟ್ಟಿನಲ್ಲಿ ಒಂದು ಸ್ವರ ಹಿಡಿದು, ಇದಕ್ಕೆ ಸರಿಯಾಗಿ ಮೂರನೆಯ ತೂತು ಎಲ್ಲಿ ಬರಬೇಕು ಸಿದ್ದಣ್ಣ, ಗುರುತು ಹಾಕಿ ಎಂದು ಅಪ್ಪನ ಕೈಗೆ ಬಿದಿರು ಕೊಟ್ಟರು. ಅಪ್ಪ ಒಂದು ಕಡೆ ಗೀರಿದ. ಅಳಿಸಿ ಇನ್ನೊಂದು ಕಡೆ ಗೀರಿದ. ಸಾಬರು ಮತ್ತೆ ಸ್ವರ ಹಿಡಿದರು. ಅಪ್ಪನ ಹಣೆಯಲ್ಲಿ ಬೆವರು ಕಂಡಿತು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಗುರುತು ಎಲ್ಲಿ ಬೀಳಬೇಕೆಂದು ನನ್ನ ಬೆರಳಿಗೆ ಗೊತ್ತಿತ್ತು. ಹೋಗುವುದಿಲ್ಲ, ಅವನೇ ಒದ್ದಾಡಲಿ ಎಂದುಕೊಂಡೆ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಅಲ್ಲೇ ನಿಂತೆ. ಅಪ್ಪ ಚೂರಿ ಕೆಳಗಿಟ್ಟು ಬಾಗಿಲ ಕಡೆ ತಿರುಗಿ ನನ್ನ ಹೆಸರು ಹಿಡಿದು ಕರೆದ. ಬಂದು ನಿಂತಾಗ ಅವನು ನನ್ನನ್ನು ನೋಡಲಿಲ್ಲ, ಸಾಬರನ್ನು ನೋಡಿದ.

“ಸಾಬ್ರೇ, ಅವತ್ತು ನಾನೇ ಅಂದಿದ್ದು ಸುಳ್ಳು. ಕಿವಿ ಈ ಮಗೀದು. ತೂತು ಹಾಕಿದ್ದು ನನ್ನ ಹೆಂಡ್ರು.”

“ಗೊತ್ತಿತ್ತು ಸಿದ್ದಣ್ಣ. ಅವತ್ತು ನೀವು ಅದನ್ನ ಊದ್ಲೇ ಇಲ್ಲ. ಮಾಡಿದೋರು ಊದ್ದೆ ಇರಾಕಿಲ್ಲ.”

ಸಾಬರು ಚಾಪೆಯ ಮೇಲೆ ಸರಿದು ನನಗೆ ಜಾಗ ಮಾಡಿದರು. ಅಪ್ಪ ಒಳಗಿದ್ದ ಅವ್ವನನ್ನೂ ಕರೆದ. ಅವಳು ಸೆರಗು ಹೊದ್ದು ಕಂಬಿ ಹಿಡಿದು ಬಾಗಿಲಲ್ಲಿ ಕೂತಳು. ಆ ಮಧ್ಯಾಹ್ನವಿಡೀ ಕೆಲಸ ನಡೆಯಿತು. ಸಾಬರು ಸ್ವರ ಹಿಡಿಯುವುದು, ನಾನು ಗುರುತು ಹಾಕುವುದು, ಅವ್ವ ಕಂಬಿ ಊರುವುದು, ನಾನು ಊದಿ ತೋರಿಸುವುದು. ಐದು ಬಿದಿರು ಕೆಟ್ಟು ಆರನೆಯದು ಕೂಡಿತು. ಸಾಬರ ಕ್ಲಾರಿನೆಟ್ಟೂ ನನ್ನ ಕೊಳಲೂ ಒಂದೇ ಸ್ವರದ ಮೇಲೆ ನಿಂತಾಗ ಬೀದಿಯವರು ಮೊರ ಹೆಣೆಯುವುದನ್ನು ಬಿಟ್ಟು ನಮ್ಮ ಜಗಲಿಯ ಮುಂದೆ ಸೇರಿದ್ದರು. ಅಜ್ಜಿ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದಳು. ತುಟಿಯ ಮಾತು, ಮದುವೆಯ ಮಾತು ಅವಳ ಬಾಯಿಗೆ ಬರಲಿಲ್ಲ.

ಸಾಬರು ಹೋದ ಮೇಲೆ ಜಗಲಿಯಲ್ಲಿ ಅಪ್ಪ, ನಾನು ಇಬ್ಬರೇ ಉಳಿದೆವು. ಅವನು ಕೆಟ್ಟ ಐದು ಬಿದಿರುಗಳನ್ನು ಸೌದೆಗೆಂದು ಒಟ್ಟು ಮಾಡುತ್ತಿದ್ದ. ತಲೆ ಎತ್ತದೆಯೇ ಹೇಳಿದ.

“ಅವತ್ತೇ ನಿನ್ ಹೆಸ್ರು ಹೇಳ್ಬೇಕಿತ್ತು ಕಣವ್ವ. ನಾಲ್ಗೆ ಏಳ್ನಿಲ್ಲ.”

ಹೋಗಲಿ ಬಿಡು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ಅದು ಹೋಗಿರಲಿಲ್ಲ. ಅಳುವೂ ಬರಲಿಲ್ಲ. ಅವನ ಎದುರಿಗೆ ಕೂತು, ಕಟ್ಟಿನಿಂದ ಹೊಸ ಬಿದಿರೊಂದನ್ನು ಎಳೆದುಕೊಂಡು, ಇದಕ್ಕೆ ತೂತನ್ನೂ ನಾನೇ ಹಾಕುತ್ತೇನೆ, ಅವ್ವನಿಂದ ಕಂಬಿ ಈಸಿಕೊಂಡು ಬಾ ಅಂದೆ. ಅಪ್ಪ ಎದ್ದು ಒಳಗೆ ಹೋಗಿ ಕಾದ ಕಂಬಿಯನ್ನು ತಂದ.